ಮರದ ಮೇಲೆ ಮಿಲಿಮೀಟರಿನ ಲೆಕ್ಕ

ಬೇಟೆಗೆ ಹೋದವನಿಗೆ ಅಪಾಯವೆಂದರೆ ಬಂದೂಕಿನದ್ದೇ ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಎರಡು ದೊಡ್ಡ ಅಪಘಾತ ಚಿಕಿತ್ಸಾ ಕೇಂದ್ರಗಳ ವೈದ್ಯರು ಹತ್ತು ವರ್ಷಗಳ ದಾಖಲೆ ತೆಗೆದು ನೋಡಿದಾಗ ಕಂಡ ಚಿತ್ರವೇ ಬೇರೆ. ಬೇಟೆಯಲ್ಲಿ ಗಾಯಗೊಂಡು ಬಂದಿದ್ದ 130 ಮಂದಿಯಲ್ಲಿ ಅರ್ಧದಷ್ಟು ಜನ ಎತ್ತರದಿಂದ ಬಿದ್ದವರು. ಗುಂಡೇಟು ತಗುಲಿದವರು ಶೇ 29. ಬಿದ್ದವರಲ್ಲಿ ಶೇ 92ರಷ್ಟು ಮಂದಿ ಮರಕ್ಕೆ ಕಟ್ಟಿದ ಅಟ್ಟಣೆಯಿಂದ ಬಿದ್ದಿದ್ದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನ, ಅಲ್ಲಿನ ಬೇಟೆಗಾರನಿಗೆ ಬಂದೂಕಿಗಿಂತ ಅಟ್ಟಣೆಯೇ ಹೆಚ್ಚು ಅಪಾಯಕಾರಿ ಎಂದು ತಲೆಬರಹದಲ್ಲೇ ಹೇಳಿಬಿಟ್ಟಿತು.

ಬಿಳಿಬಾಲದ ಜಿಂಕೆಯ ಬೇಟೆ ಅಲ್ಲಿ ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ ನಡೆಯುವಂಥದ್ದು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ, ಜಾರ್ಜಿಯದಂತಹ ರಾಜ್ಯಗಳಲ್ಲಿ ಶರತ್ಕಾಲ ಬಂತೆಂದರೆ ಲಕ್ಷಾಂತರ ಜನ ಕಾಡಿಗೆ ಹೊರಡುತ್ತಾರೆ. ಜಿಂಕೆಯ ಕಣ್ಣು, ಮೂಗು ಎರಡನ್ನೂ ತಪ್ಪಿಸಲು ಇಪ್ಪತ್ತು ಅಡಿಯಷ್ಟು ಎತ್ತರದಲ್ಲಿ ಗಂಟೆಗಟ್ಟಲೆ ಅಲುಗದೆ ಕಾಯುವುದು ಬಿಲ್ಲುಬೇಟೆಯ ಹಳೆಯ ಕ್ರಮ. ಅದಕ್ಕಾಗಿ ಕಬ್ಬಿಣದ ಅಥವಾ ಅಲ್ಯೂಮಿನಿಯಂನ ಅಟ್ಟಣೆಯನ್ನು ಬೆನ್ನಿಗೇರಿಸಿಕೊಂಡು ಹೋಗಿ ಕಟ್ಟಬೇಕಿತ್ತು. ಭಾರ ಹೆಚ್ಚು, ಕಟ್ಟುವಾಗ ಸದ್ದು ಹೆಚ್ಚು. ಹಲವು ರಾಜ್ಯಗಳ ಸಾರ್ವಜನಿಕ ಕಾಡುಗಳಲ್ಲಿ ಮರಕ್ಕೆ ತಿರುಪು ಹೊಡೆಯುವಂತಿಲ್ಲ, ಅಟ್ಟಣೆಯನ್ನು ಅಲ್ಲೇ ಬಿಟ್ಟು ಬರುವಂತೆಯೂ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಸ್ಯಾಡಲ್. ಸೊಂಟ ಮತ್ತು ತೊಡೆಯ ಸುತ್ತ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ ಅದು. ಬೇಟೆಗಾರ ಅದರಲ್ಲಿ ಒರಗಿ, ಕಾಂಡಕ್ಕೆ ಬಿಗಿದ ಹಗ್ಗಕ್ಕೆ ಜೋತು, ಕಾಲನ್ನು ಪುಟ್ಟ ಮೆಟ್ಟಿಲಿಗೆ ಊರಿ ನಿಲ್ಲುತ್ತಾನೆ. ಮಿಷಿಗನ್ನಿನ ಬಿಲ್ಲುಬೇಟೆಗಾರ, ಲೇಖಕ ಜಾನ್ ಎಬರ್‌ಹಾರ್ಟ್ 1980ರ ದಶಕದ ಮೊದಲಿನಿಂದಲೂ ಇದನ್ನೇ ಬಳಸುತ್ತ ಬಂದವರು. ಆಗ ಇದು ಬೆರಳೆಣಿಕೆಯ ಜನರ ಹವ್ಯಾಸವಾಗಿತ್ತು. ಕಳೆದ ಹತ್ತು ವರ್ಷಗಳಲ್ಲಿ ಟೆದರ್ಡ್‌ನಂತಹ ಹೊಸ ಕಂಪನಿಗಳು ಹುಟ್ಟಿ, ಹಳೆಯ ಟ್ರೋಫಿಲೈನ್ ಮತ್ತೆ ಚಿಗುರಿ, ಸ್ಯಾಡಲ್ ಬೇಟೆ ದೊಡ್ಡ ಮಾರುಕಟ್ಟೆಯಾಗಿ ಬೆಳೆದಿದೆ.

ಸ್ಯಾಡಲ್ಲಿನಲ್ಲಿರುವವನು ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವವರೆಗೆ ಹಗ್ಗಕ್ಕೆ ಕಟ್ಟಿಕೊಂಡೇ ಇರಬೇಕು ಎಂಬುದು ನಿಯಮ. ಆ ದೃಷ್ಟಿಯಿಂದ ಇದು ಹಳೆಯ ಅಟ್ಟಣೆಗಿಂತ ಖಂಡಿತ ಮೇಲು. ಅಟ್ಟಣೆಯಲ್ಲಿ ಕುಳಿತವನು ಪಟ್ಟಿ ಕಟ್ಟಿಕೊಳ್ಳದೆಯೂ ಇರಬಲ್ಲ, ಬಹಳ ಜನ ಹಾಗೆಯೇ ಇದ್ದು ಬಿದ್ದರು. ಸ್ಯಾಡಲ್ಲಿನಲ್ಲಿ ಆ ಆಯ್ಕೆಯೇ ಇಲ್ಲ. ಆದರೆ ಮನುಷ್ಯನ ಇಡೀ ಭಾರವನ್ನು ಹಗ್ಗಕ್ಕೆ ಒಪ್ಪಿಸಿದ ಮೇಲೆ, ಆ ಹಗ್ಗವನ್ನು ಹಿಡಿಯುವ ಪುಟ್ಟ ಲೋಹದ ತುಣುಕಿನ ಬಗ್ಗೆ ಎಷ್ಟು ಎಚ್ಚರ ಬೇಕೋ ಅಷ್ಟು ಎಚ್ಚರವನ್ನು ಈ ಮಾರುಕಟ್ಟೆ ಇನ್ನೂ ಬೆಳೆಸಿಕೊಂಡಿಲ್ಲ. ಆ ತುಣುಕಿನ ಹೆಸರು ರೋಪ್ ಗ್ರ್ಯಾಬ್. ಯಾವ ದಪ್ಪದ ಹಗ್ಗಕ್ಕೆ ಯಾವ ಗ್ರ್ಯಾಬ್ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆಯನ್ನು ಕೊಳ್ಳುವವನ ತಲೆಗೆ ಕಟ್ಟಿ ಮಾರುವವರು ಕೈತೊಳೆದುಕೊಳ್ಳುತ್ತಿದ್ದಾರೆ. ಇದು ಬದಲಾಗಲೇಬೇಕು.

ಸ್ಯಾಡಲ್ಲಿನವನ ಬಳಿ ಮುಖ್ಯವಾಗಿ ಎರಡು ಹಗ್ಗಗಳಿರುತ್ತವೆ. ಹತ್ತುವಾಗ ಕಾಂಡವನ್ನು ಬಳಸಿ ಸೊಂಟದ ಎರಡೂ ಪಕ್ಕಕ್ಕೆ ಸೇರುವುದು ಲೈನ್‌ಮನ್ ಬೆಲ್ಟ್. ಮೇಲೆ ತಲುಪಿದ ಮೇಲೆ ತಲೆಯ ಮಟ್ಟದಲ್ಲಿ ಮರಕ್ಕೆ ಬಿಗಿಯುವುದು ಟೆದರ್. ಎರಡರಲ್ಲೂ ಉದ್ದವನ್ನು ಆಗಾಗ ಹೆಚ್ಚುಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಕಾಂಡ ಮೇಲೆ ಹೋದಂತೆ ಸಣ್ಣಗಾಗುತ್ತದೆ, ಕೊಂಬೆ ಅಡ್ಡ ಬರುತ್ತದೆ, ಜಿಂಕೆ ಬಂದ ದಿಕ್ಕಿಗೆ ದೇಹ ತಿರುಗಿಸಬೇಕು. ಹಗ್ಗದ ಮೇಲೆ ಬೇಕೆಂದಾಗ ಸರಿಯುವ, ಭಾರ ಬಿದ್ದೊಡನೆ ಕಚ್ಚಿಕೊಳ್ಳುವ ಒಂದು ಹಿಡಿತ ಬೇಕು. ಆ ಕೆಲಸವನ್ನು ಗಂಟು ಮಾಡಬಹುದು, ಯಂತ್ರವೂ ಮಾಡಬಹುದು.

ಗಂಟಿನ ಕತೆ ಹಳೆಯದು. ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಬೆಳಕಿಗೆ ತಂದ ಗಂಟು ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ದಪ್ಪ ಹಗ್ಗದ ಸುತ್ತ ತೆಳು ದಾರದ ಕುಣಿಕೆಯನ್ನು ಮೂರು ಸುತ್ತು ಸುತ್ತಿದರೆ, ಎಳೆದಾಗ ಬಿಗಿಯುತ್ತದೆ, ಬಿಟ್ಟಾಗ ಸರಿಯುತ್ತದೆ. ಯಂತ್ರ ಬಂದದ್ದು 1958ರಲ್ಲಿ. ಹದ್ದುಗಳ ಅಧ್ಯಯನಕ್ಕಾಗಿ ಬಂಡೆಗಳ ಮೇಲೆ ಹಗ್ಗದಲ್ಲಿ ಏರಿಳಿಯುತ್ತಿದ್ದ ಸ್ವಿಟ್ಜರ್ಲೆಂಡಿನ ಅಡಾಲ್ಫ್ ಯೂಸಿ ಮತ್ತು ಆತನ ಜೊತೆಗಾರ ವಾಲ್ಟರ್ ಮಾರ್ಟಿ ಸೇರಿ ಮಾಡಿದ ಜುಮಾರ್ ಅದು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಕೂಡಿ ಆದ ಆ ಪದ ಇಂದು ಬಾದಾಮಿ, ರಾಮನಗರದ ಬಂಡೆಗಳಲ್ಲಿ ಹತ್ತುವ ಹುಡುಗರ ಬಾಯಲ್ಲೂ ಇದೆ. ಸ್ಯಾಡಲ್ ಬೇಟೆಗಾರರು ಇಂದು ಟೆದರ್‌ಗೆ ಹಾಕಿಕೊಳ್ಳುವ ವೈಲ್ಡ್ ಕಂಟ್ರಿಯ ರೋಪ್‌ಮ್ಯಾನ್, ಕಾಂಗ್ ಕಂಪನಿಯ ಡಕ್ ಮುಂತಾದ ಅಂಗೈ ಅಗಲದ ಸಾಧನಗಳು ಇದೇ ಕುಟುಂಬಕ್ಕೆ ಸೇರಿದವು. ಗಮನಿಸಬೇಕಾದ ಸಂಗತಿಯೆಂದರೆ ಇವೆಲ್ಲ ಮೂಲತಃ ಬಂಡೆ ಹತ್ತುವವರಿಗಾಗಿ, ಅವರ ಹಗ್ಗಗಳಿಗಾಗಿ ಆದವು. ಬೇಟೆಗಾರ ಅವನ್ನು ಎರವಲು ತಂದಿದ್ದಾನೆ.

ಒಳಗಿನ ಕೆಲಸ ಸರಳ. ಒಂದು ಕಡೆ ಲೋಹದ ಗೋಡೆ, ಇನ್ನೊಂದು ಕಡೆ ಕೀಲಿನ ಮೇಲೆ ತಿರುಗುವ ಕ್ಯಾಮ್, ನಡುವೆ ಹಗ್ಗ. ಭಾರ ಬಿದ್ದಾಗ ಕ್ಯಾಮ್ ತಿರುಗಿ ಹಗ್ಗವನ್ನು ಗೋಡೆಗೆ ಒತ್ತುತ್ತದೆ. ಭಾರ ಹೆಚ್ಚಿದಷ್ಟೂ ಒತ್ತು ಹೆಚ್ಚುತ್ತದೆ. ಕ್ಯಾಮ್‌ನ ಮೈ ಸರಿಯಾದ ವೃತ್ತವಾಗಿರುವುದಿಲ್ಲ. ಕೀಲಿನಿಂದ ಅಂಚಿಗೆ ಇರುವ ದೂರ ತಿರುಗಿದಂತೆಲ್ಲ ಹೆಚ್ಚುತ್ತ ಹೋಗುವ ಹಾಗೆ ಅದನ್ನು ಕೊರೆದಿರುತ್ತಾರೆ. ಆ ವಕ್ರರೇಖೆ ಒಂದು ನಿರ್ದಿಷ್ಟ ದಪ್ಪದ ಶ್ರೇಣಿಗೆ ಮಾತ್ರ ಲೆಕ್ಕ ಹಾಕಿದ್ದು. ಅಡಕತ್ತರಿಯ ಬಾಯಿಗೆ ಗೋಟಡಿಕೆ ಸರಿಯಾಗಿ ಕೂರುತ್ತದೆ, ಸೋಗೆಯ ಕಡ್ಡಿ ಇಟ್ಟರೆ ನುಣುಚಿಕೊಳ್ಳುತ್ತದೆ. ಇಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ.

ಹಗ್ಗ ತೀರಾ ತೆಳುವಾದರೆ ಕ್ಯಾಮ್ ತನ್ನ ಓಟದ ಕೊನೆಗೆ ಬಂದು ನಿಲ್ಲುತ್ತದೆ. ಇನ್ನು ಒತ್ತಲು ಅದಕ್ಕೆ ಜಾಗವೇ ಇರುವುದಿಲ್ಲ. ಹಗ್ಗ ಜಾರತೊಡಗುತ್ತದೆ, ಜಾರಿದಾಗ ಬಿಸಿ ಹುಟ್ಟುತ್ತದೆ, ಬಿಸಿಗೆ ನೈಲಾನಿನ ಮೈ ಮೆರುಗು ಹತ್ತಿ ಇನ್ನಷ್ಟು ನುಣುಪಾಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಕ್ಯಾಮ್ ಮತ್ತು ಚೌಕಟ್ಟಿನ ಸಂದಿಗೆ ಹಗ್ಗವೇ ಸಿಕ್ಕಿಕೊಳ್ಳಬಹುದು. ಇದು ಎಲ್ಲರಿಗೂ ಕಣ್ಣಿಗೆ ಕಾಣುವ ಅಪಾಯ.

ದಪ್ಪ ಹಗ್ಗದ ಅಪಾಯ ಕಣ್ಣಿಗೆ ಕಾಣದು, ಹಾಗಾಗಿ ಅದರ ಬಗ್ಗೆ ಮಾತೂ ಕಡಿಮೆ. ಶ್ರೇಣಿಯ ಮೇಲಿನ ತುದಿಗೆ ಅಂಟಿಕೊಂಡ ಅಥವಾ ಅದನ್ನು ಮೀರಿದ ಹಗ್ಗವನ್ನು ಹಾಕಿದರೆ ಗ್ರ್ಯಾಬ್ ಚೆನ್ನಾಗಿಯೇ ಕಚ್ಚುತ್ತದೆ, ಆದರೆ ಸರಿಯುವುದಿಲ್ಲ. ಕೈಗವಸು ಹಾಕಿದ ಬೆರಳಿನಿಂದ ಅದನ್ನು ಪ್ರತಿ ಬಾರಿ ಒದ್ದಾಡಿ ಸರಿಸಬೇಕು. ಬೇಸತ್ತವನು ಮಾಡುವುದು ಎರಡರಲ್ಲಿ ಒಂದು. ಹೆಬ್ಬೆರಳಿನಿಂದ ಕ್ಯಾಮ್ ಅನ್ನು ತೆರೆದು ಹಿಡಿದೇ ಹತ್ತುತ್ತಾನೆ, ಅಂದರೆ ಹಿಡಿತವೇ ಇಲ್ಲದೆ ಹತ್ತುತ್ತಾನೆ. ಇಲ್ಲವೇ ಹಗ್ಗವನ್ನು ಬಿಗಿಗೊಳಿಸುವ ಗೋಜಿಗೆ ಹೋಗದೆ ಸಡಿಲವಾಗಿಯೇ ಬಿಟ್ಟುಬಿಡುತ್ತಾನೆ.

ಈ ಸಡಿಲದ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. 80 ಕಿಲೊ ತೂಕದ ಮನುಷ್ಯ ಸುಮ್ಮನೆ ಜೋತಾಗ ಹಗ್ಗದ ಮೇಲೆ ಬೀಳುವ ಬಲ ಸುಮಾರು 0.8 ಕಿಲೋನ್ಯೂಟನ್. ಅದೇ ಮನುಷ್ಯ 60 ಸೆಂಟಿಮೀಟರ್ ಸಡಿಲವಿದ್ದಾಗ ಮೆಟ್ಟಿಲಿನಿಂದ ಕಾಲು ಜಾರಿ, ಹೆಚ್ಚು ಹಿಗ್ಗದ ಹಗ್ಗದಲ್ಲಿ 10 ಸೆಂಟಿಮೀಟರ್ ಒಳಗೆ ನಿಂತನೆಂದುಕೊಳ್ಳೋಣ. ಸರಾಸರಿ ಬಲವೇ ಸುಮಾರು 5.5 ಕಿಲೋನ್ಯೂಟನ್ ಆಗುತ್ತದೆ, ಅಂದರೆ ಏಳು ಪಟ್ಟು. ಹಗ್ಗದ ಹಿಡಿಗಳಿಗೆ, ಅಂದರೆ ಇಂಥ ಗ್ರ್ಯಾಬ್‌ಗಳಿಗೆ, ಯುರೋಪಿನಲ್ಲಿರುವ ಇಎನ್ 567 ಮಾನದಂಡ ಕೇಳುವುದು 4 ಕಿಲೋನ್ಯೂಟನ್ ಬಲವನ್ನು ತಡೆಯುವ ಶಕ್ತಿಯನ್ನು ಮಾತ್ರ. ಹಗ್ಗದಲ್ಲಿ ಮೇಲೇರಲು ನೆರವಾಗುವ ಸಾಧನಕ್ಕೆ ಬರೆದ ಮಾನದಂಡ ಅದು. ಬೀಳುವವನನ್ನು ಹಿಡಿದು ನಿಲ್ಲಿಸುವ ಸಾಧನಕ್ಕೆ ಬೇರೆ ಮಾನದಂಡಗಳೇ ಇವೆ. ಮೊನಚು ಹಲ್ಲಿರುವ ಕ್ಯಾಮ್‌ಗಳು 4ರಿಂದ 6 ಕಿಲೋನ್ಯೂಟನ್ ಆಸುಪಾಸಿನಲ್ಲಿ ಹಗ್ಗದ ಸಿಪ್ಪೆಯನ್ನೇ ಹರಿಯಬಲ್ಲವು. ಹಗ್ಗ ಮತ್ತು ಗ್ರ್ಯಾಬ್‌ನ ಹೊಂದಾಣಿಕೆ ತಪ್ಪಿದರೆ ಸರಿಸುವುದು ಕಷ್ಟವಾಗುತ್ತದೆ, ಸರಿಸುವುದು ಕಷ್ಟವಾದರೆ ಸಡಿಲ ಉಳಿಯುತ್ತದೆ, ಸಡಿಲ ಉಳಿದರೆ ಆ ಪುಟ್ಟ ಸಾಧನ ತಾನು ಎಂದೂ ಹೊರಬೇಕಿರದ ಬಲವನ್ನು ಹೊರುತ್ತದೆ.

ಇನ್ನು ಹಗ್ಗದ ಮೇಲೆ ಬರೆದಿರುವ ಸಂಖ್ಯೆಯ ವಿಚಾರ. ಪರ್ವತಾರೋಹಣದ ಹಗ್ಗಗಳಲ್ಲಿ ಒಳಗೆ ತಿರುಳು, ಹೊರಗೆ ಹೆಣೆದ ಸಿಪ್ಪೆ. ದಪ್ಪವನ್ನು ಅಳೆಯುವಾಗ ಹಗ್ಗಕ್ಕೆ 10 ಕಿಲೊ ತೂಕ ಕಟ್ಟಿ ನೇರ ಮಾಡಿರುತ್ತಾರೆ. ಅಂಗಡಿಯಲ್ಲಿ ಸುರುಳಿಯಾಗಿ ಬಿದ್ದಿರುವ ಹಗ್ಗಕ್ಕೆ ಅಳತೆಪಟ್ಟಿ ಹಿಡಿದರೆ ಬೇರೆ ಸಂಖ್ಯೆ ಬಂದೀತು. ಮಾರುಕಟ್ಟೆಯ ಹಗ್ಗಗಳಲ್ಲಿ 0.2 ಮಿ.ಮೀ.ವರೆಗೆ ಆಚೀಚೆ ಇರಬಹುದು ಎಂದು ಪೆಟ್ಝಲ್ ಕಂಪನಿ ತನ್ನ ಸಾಧನಗಳ ಕೈಪಿಡಿಯಲ್ಲೇ ಎಚ್ಚರಿಸುತ್ತದೆ. ಅದರ ಮೇಲೆ ಬಳಕೆಯ ಪರಿಣಾಮ. ತೊಗಟೆಗೆ ಉಜ್ಜಿ ಉಜ್ಜಿ ಸಿಪ್ಪೆ ನವಿರೆದ್ದ ಹಗ್ಗ ಉಬ್ಬುತ್ತದೆ. ನೆನೆದು ಒಣಗಿದ ನೈಲಾನ್ ಉದ್ದದಲ್ಲಿ ಕುಗ್ಗಿ ಸುತ್ತಳತೆಯಲ್ಲಿ ಹಿಗ್ಗುತ್ತದೆ. ಹೊಸ ಹಗ್ಗದ ಮೈಮೇಲಿನ ಕಾರ್ಖಾನೆಯ ನುಣುಪು ಮೊದಲ ಕೆಲವು ಬಳಕೆಗಳಲ್ಲಿ ಹಿಡಿತವನ್ನು ತಗ್ಗಿಸುತ್ತದೆ. ನವೆಂಬರಿನ ಮಿಷಿಗನ್ನಿನಲ್ಲಿ ಸಂಜೆ ನೆನೆದ ಹಗ್ಗ ಬೆಳಗಿನ ಹೊತ್ತಿಗೆ ಹೆಪ್ಪುಗಟ್ಟಿರಲೂ ಸಾಕು. ಗ್ರ್ಯಾಬ್‌ನ ಶ್ರೇಣಿ 10 ಮಿ.ಮೀ.ನಿಂದ ಆರಂಭವಾಗುತ್ತದೆ, ಹಗ್ಗದ ಮೇಲೂ 10 ಎಂದಿದೆ, ಸರಿಹೋಯಿತು ಎಂದುಕೊಳ್ಳುವುದು ಹಾಗಾಗಿ ಸಾಲದು. ಆ ಹಗ್ಗ ನಿಜದಲ್ಲಿ 9.8 ಇರಬಹುದು. ಶ್ರೇಣಿಯ ಅಂಚಿನಲ್ಲಿ ನಿಲ್ಲದೆ ನಡುವಿನಲ್ಲಿ ಬೀಳುವ ಹಗ್ಗವನ್ನು ಆರಿಸುವುದೇ ವಿವೇಕ.

ಅಮೆರಿಕದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಹಗ್ಗವನ್ನು ಇಂಚಿನ ಭಿನ್ನರಾಶಿಯಲ್ಲಿ ಮಾರುತ್ತಾರೆ, ಯುರೋಪಿನಿಂದ ಬಂದ ಗ್ರ್ಯಾಬ್ ಮಿಲಿಮೀಟರಿನಲ್ಲಿ ಮಾತಾಡುತ್ತದೆ. ಹದಿನಾರನೇ ಏಳು ಇಂಚು ಎಂದರೆ 11.1 ಮಿ.ಮೀ., ಅರ್ಧ ಇಂಚು ಎಂದರೆ 12.7, ಎಂಟನೇ ಮೂರು ಇಂಚು 9.5. ಕಟ್ಟಡ ಕೆಲಸಗಾರರ ರೋಪ್ ಗ್ರ್ಯಾಬ್‌ಗಳಲ್ಲಿ ಬಹುಪಾಲು ಎಂಟನೇ ಐದು ಇಂಚಿನ, ಅಂದರೆ 16 ಮಿ.ಮೀ. ಹತ್ತಿರದ ಹಗ್ಗಕ್ಕೆ ಆದವು. ಛಾವಣಿ ಕೆಲಸದ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಗಟ್ಟಿಮುಟ್ಟಾದ ಗ್ರ್ಯಾಬ್ 11 ಮಿ.ಮೀ. ಟೆದರ್ ಮೇಲೆ ಹಿಡಿತವಿಲ್ಲದೆ ಜಾರುತ್ತದೆ. ಅದರ ಉಕ್ಕು ಎಷ್ಟು ಗಟ್ಟಿಯಾಗಿದ್ದರೇನು, ಹಗ್ಗ ಹೊಂದದಿದ್ದರೆ ಅದು ಬರೀ ತೂಕ.

ಸಮಸ್ಯೆಯನ್ನು ಈಚೆಗೆ ತೀವ್ರಗೊಳಿಸಿದ್ದು ಹಗುರದ ಹಂಬಲ. ಸಾರ್ವಜನಿಕ ಕಾಡಿನಲ್ಲಿ ಮೈಲುಗಟ್ಟಲೆ ನಡೆದು ಹೋಗುವ ಬೇಟೆಗಾರ ಪ್ರತಿ ಗ್ರಾಮನ್ನೂ ಲೆಕ್ಕ ಹಾಕುತ್ತಾನೆ. 11 ಮಿ.ಮೀ. ಹಗ್ಗದ ಜಾಗಕ್ಕೆ 9, 8 ಮಿ.ಮೀ. ಹಗ್ಗಗಳು ಬಂದವು. 8 ಮಿ.ಮೀ. ಹಗ್ಗದ ಅಡ್ಡಕೊಯ್ತದ ವಿಸ್ತೀರ್ಣ 11 ಮಿ.ಮೀ. ಹಗ್ಗದ ಅರ್ಧಕ್ಕಿಂತ ತುಸುವೇ ಹೆಚ್ಚು. ಬೆನ್ನಿನ ಚೀಲದಲ್ಲಿ ಆ ವ್ಯತ್ಯಾಸ ನಿಜಕ್ಕೂ ತಿಳಿಯುತ್ತದೆ. ಒಳ್ಳೆಯ ಕಂಪನಿಗಳ 8 ಮಿ.ಮೀ. ಹಗ್ಗಗಳು ಬಲದಲ್ಲಿ ಕಡಿಮೆಯವೂ ಅಲ್ಲ. ಸ್ಟರ್ಲಿಂಗ್ ಕಂಪನಿಯ ಆಪ್‌ಲಕ್ಸ್ ಅಂಥದ್ದಕ್ಕೆ ಹೆಸರುವಾಸಿ. ತೊಂದರೆ ಹಗ್ಗದ್ದಲ್ಲ, ಹಳೆಯ ಗ್ರ್ಯಾಬ್ ಹಾಗೆಯೇ ಉಳಿದು ಹಗ್ಗ ಮಾತ್ರ ಬದಲಾದದ್ದು. ರೋಪ್‌ಮ್ಯಾನ್‌ನ ಮೊದಲ ಮಾದರಿ 10 ಮಿ.ಮೀ.ಗಿಂತ ತೆಳುವಾದ ಹಗ್ಗಕ್ಕೆ ಆದದ್ದಲ್ಲ. ತೆಳು ಹಗ್ಗಕ್ಕೆಂದೇ ಎರಡನೇ ಮಾದರಿ ಬಂದಿದೆ, ಅದರ ಕ್ಯಾಮ್ ಕಚ್ಚುವ ಬಗೆಯೇ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರು. ಕಾಡಿನ ಅರೆಗತ್ತಲಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೋಗಲು ಎಷ್ಟು ಹೊತ್ತು?

ಹಾಗಾದರೆ ಯಂತ್ರವೇ ಬೇಡ, ಪ್ರೂಸಿಕ್ ಗಂಟಿಗೇ ಮರಳೋಣ ಎನ್ನುವವರಿದ್ದಾರೆ. ಅವರ ವಾದದಲ್ಲಿ ತೂಕವಿದೆ. ಗಂಟನ್ನು ಕಣ್ಣಿನಿಂದ ಪರೀಕ್ಷಿಸಬಹುದು, ಸವೆದರೆ ಕೆಲವೇ ರೂಪಾಯಿಯಲ್ಲಿ ಬದಲಿಸಬಹುದು, ಒಮ್ಮೆಲೆ ಹೊರೆ ಬಿದ್ದಾಗ ತುಸು ಜಾರಿ ಆಘಾತವನ್ನು ತಗ್ಗಿಸುತ್ತದೆ. ಆದರೆ ದಪ್ಪದ ಲೆಕ್ಕದಿಂದ ಗಂಟಿಗೂ ಬಿಡುಗಡೆಯಿಲ್ಲ, ಬದಲಿಗೆ ಅಲ್ಲಿ ಲೆಕ್ಕ ಇನ್ನೂ ಕಟ್ಟುನಿಟ್ಟು. ಸುತ್ತುವ ದಾರ ಮುಖ್ಯ ಹಗ್ಗದ ದಪ್ಪದ ಶೇ 60ರಿಂದ 80ರೊಳಗೆ ಇರಬೇಕು ಎಂಬುದು ಹತ್ತುವವರೆಲ್ಲ ಒಪ್ಪಿದ ಮಾತು. 11 ಮಿ.ಮೀ. ಹಗ್ಗಕ್ಕೆ 7 ಅಥವಾ 8 ಮಿ.ಮೀ. ದಾರ ಚೆನ್ನಾಗಿ ಹಿಡಿಯುತ್ತದೆ. ಹಗ್ಗವೇ 8 ಮಿ.ಮೀ.ಗೆ ಇಳಿದರೆ ದಾರ 5 ಅಥವಾ 6ಕ್ಕೆ ಇಳಿಯಬೇಕು.

ದಾರ ಇಳಿದರೆ ಅದರ ಬಲವೂ ಇಳಿಯುತ್ತದೆ. ಇಂಥ ದಾರಗಳಿಗಿರುವ ಇಎನ್ 564 ಮಾನದಂಡದಲ್ಲಿ 8 ಮಿ.ಮೀ. ದಾರಕ್ಕೆ ಕನಿಷ್ಠ 12.8 ಕಿಲೋನ್ಯೂಟನ್, 7ಕ್ಕೆ 9.8, 6ಕ್ಕೆ 7.2, 5ಕ್ಕೆ ಬರೀ 5. ದಪ್ಪ ಅರ್ಧದಷ್ಟಾದರೆ ಬಲ ಕಾಲುಭಾಗಕ್ಕೆ ಬೀಳುತ್ತದೆ. ಅರಾಮಿಡ್ ನೂಲಿನ, ಶಾಖ ತಡೆಯುವ ವಿಶೇಷ ದಾರಗಳು ಬಂದು ಈ ಇಕ್ಕಟ್ಟನ್ನು ಸ್ವಲ್ಪ ಸಡಿಲಿಸಿವೆ. ಆದರೆ ಹಗ್ಗವನ್ನು ಮೂರು ಮಿಲಿಮೀಟರ್ ತೆಳುಗೊಳಿಸುವ ಒಂದೇ ನಿರ್ಧಾರ ದಾರ, ಗ್ರ್ಯಾಬ್, ಇಳಿಯಲು ಬಳಸುವ ಸಾಧನ ಎಲ್ಲವನ್ನೂ ಬದಲಿಸುವಂತೆ ಒತ್ತಾಯಿಸುತ್ತದೆ ಎಂಬುದನ್ನು ಮಾರುವ ಅಂಗಡಿ ಹೇಳುವುದಿಲ್ಲ. ಅಲ್ಲಿ ಎದ್ದು ಕಾಣುವುದು ಎಷ್ಟು ಗ್ರಾಂ ಉಳಿಯಿತು ಎಂಬ ಸಂಖ್ಯೆ ಮಾತ್ರ.

ಹಗ್ಗ ತೆಳುವಾದಾಗ ತಯಾರಕರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಬಂಡೆ ಹತ್ತುವವರ ಲೋಕದಲ್ಲಿ ಒಳ್ಳೆಯ ನಿದರ್ಶನವಿದೆ. ಫ್ರಾನ್ಸಿನ ಪೆಟ್ಝಲ್ 1991ರಲ್ಲಿ ಗ್ರಿಗ್ರಿ ಎಂಬ, ಹಗ್ಗ ಹಿಡಿಯುವ ಸಾಧನವನ್ನು ಹೊರತಂದಾಗ ಅದು 10ರಿಂದ 11 ಮಿ.ಮೀ. ಹಗ್ಗಗಳಿಗಾಗಿ ಇತ್ತು. ಆಗಿನ ಹಗ್ಗಗಳೂ ಅಷ್ಟೇ ದಪ್ಪ. ಇಪ್ಪತ್ತು ವರ್ಷಗಳಲ್ಲಿ ಹತ್ತುವವರ ಹಗ್ಗ 9 ಮಿ.ಮೀ. ಕಡೆಗೆ ಜಾರಿತು. ಕಂಪನಿ ಹಳೆಯ ಗ್ರಿಗ್ರಿಯನ್ನೇ ಹೊಸ ಹಗ್ಗಕ್ಕೂ ನಡೆಯುತ್ತದೆ ಎಂದು ಮಾರಲಿಲ್ಲ. 2011ರಲ್ಲಿ 8.9ರಿಂದ 11 ಮಿ.ಮೀ.ಗೆ ಹೊಂದುವ ಗ್ರಿಗ್ರಿ 2 ಬಂತು. 2019ರ ಮಾದರಿ 8.5ರಿಂದ 11 ಮಿ.ಮೀ.ವರೆಗಿನ ಹಗ್ಗಗಳಿಗೆ ಹೊಂದುತ್ತದೆ, ಜೊತೆಗೆ 8.9ರಿಂದ 10.5ರೊಳಗೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ ಎಂದೂ ಕಂಪನಿ ಹೇಳಿತು. ಎರಡು ಸಂಖ್ಯೆ ಕೊಟ್ಟದ್ದು ಚಿಕ್ಕ ವಿಷಯವಲ್ಲ. ಕೆಲಸ ನಡೆಯುವ ಶ್ರೇಣಿ ಬೇರೆ, ಕೆಲಸ ಚೆನ್ನಾಗಿ ನಡೆಯುವ ಶ್ರೇಣಿ ಬೇರೆ ಎಂದು ತಯಾರಕನೇ ಒಪ್ಪಿಕೊಂಡಂತಾಯಿತು. ಸ್ಯಾಡಲ್ ಸಾಮಗ್ರಿಯ ಪ್ರತಿಯೊಂದು ಗ್ರ್ಯಾಬ್ ಮೇಲೂ ಇಂಥದೇ ಎರಡು ಸಂಖ್ಯೆ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ವರ್ಷಗಳಿಂದ ಹೀಗೇ ಬಳಸುತ್ತಿದ್ದೇವೆ, ಏನೂ ಆಗಿಲ್ಲ ಎನ್ನುವ ಅನುಭವಿಗಳ ಮಾತು ಆಗಾಗ ಕೇಳಿಬರುತ್ತದೆ. ಅನುಭವಕ್ಕೆ ಗೌರವ ಕೊಡಬೇಕು, ಆದರೆ ಈ ಅನುಭವ ಸಾಬೀತು ಮಾಡುವುದೇನು? ಇಡೀ ಋತುವಿನಲ್ಲಿ ಅವರ ಗ್ರ್ಯಾಬ್ ಹೊತ್ತದ್ದು ಒರಗಿ ಕುಳಿತವನ 0.8 ಕಿಲೋನ್ಯೂಟನ್, ಒಣ ಹವೆಯಲ್ಲಿ, ಸಡಿಲವಿಲ್ಲದ ಹಗ್ಗದಲ್ಲಿ. ಅಷ್ಟನ್ನು ಹೊಂದಾಣಿಕೆ ತಪ್ಪಿದ ಗ್ರ್ಯಾಬ್ ಕೂಡ ತಡೆಯಬಲ್ಲದು. ಅದಕ್ಕೆ ನಿಜವಾದ ಪರೀಕ್ಷೆ ಬರುವುದು ಒಂದೇ ಸಲ: ಮಂಜು ಬಿದ್ದ ಮೆಟ್ಟಿಲಿನ ಮೇಲೆ ಬೂಟು ಜಾರಿದಾಗ, ಹತ್ತಿರದಲ್ಲಿ ಯಾರೂ ಇಲ್ಲದಾಗ. ಬೇಟೆಗಾರ ಬಹುಮಟ್ಟಿಗೆ ಒಬ್ಬಂಟಿಯಾಗಿರುತ್ತಾನೆ ಎಂಬ ಕಾರಣಕ್ಕೇ ಅವನ ಸಾಮಗ್ರಿಯಲ್ಲಿ ತಪ್ಪಿಗೆ ಇರುವ ಜಾಗ ಬಂಡೆ ಹತ್ತುವವನಿಗಿಂತ ಕಡಿಮೆ.

ಕಾನೂನಿನ ಕಡೆ ನೋಡಿದರೂ ಅಂತರ ದೊಡ್ಡದು. ಅಮೆರಿಕದಲ್ಲಿ ಛಾವಣಿಯ ಮೇಲೆ ಕೆಲಸ ಮಾಡುವವನ ಜೀವರಕ್ಷಕ ಹಗ್ಗ ಕನಿಷ್ಠ 5,000 ಪೌಂಡ್, ಅಂದರೆ 22 ಕಿಲೋನ್ಯೂಟನ್ ತಡೆಯಬೇಕೆಂದು ಅಲ್ಲಿನ ಕಾರ್ಮಿಕ ಸುರಕ್ಷತಾ ನಿಯಮವೇ ಹೇಳುತ್ತದೆ. ಅದೇ ಕೆಲಸಗಾರ ರಜೆಯ ದಿನ ಸ್ಯಾಡಲ್ ಹಾಕಿಕೊಂಡು ಮರ ಹತ್ತಿದರೆ ಆ ನಿಯಮದ ಕೈ ಅಲ್ಲಿಗೆ ಚಾಚುವುದಿಲ್ಲ. ಅಟ್ಟಣೆ ತಯಾರಕರ ಸಂಘ ರೂಪಿಸಿದ ಮಾನದಂಡಗಳಿವೆ, ಆದರೆ ಅವು ಸ್ವಯಂಪ್ರೇರಿತ. ಯುರೋಪಿನಲ್ಲಿ ಎತ್ತರದಿಂದ ಬೀಳುವುದನ್ನು ತಡೆಯುವ ಸಾಧನಗಳನ್ನು ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿ, ಹೊರಗಿನ ಸಂಸ್ಥೆಯೊಂದು ಪರೀಕ್ಷಿಸದೆ ಮಾರುವಂತಿಲ್ಲ ಎಂಬ ನಿಯಮವನ್ನು 2018ರ ಏಪ್ರಿಲ್‌ನಿಂದ ಇನ್ನಷ್ಟು ಬಿಗಿಗೊಳಿಸಿದ್ದಾರೆ. ಅಮೆರಿಕದ ಸ್ಯಾಡಲ್ ಕಂಪನಿಗಳು ಸರ್ಕಾರದ ನಿಯಮಕ್ಕೆ ಕಾಯಬೇಕಾಗಿಲ್ಲ. ಟೆದರ್ ಹಗ್ಗ, ಗ್ರ್ಯಾಬ್ ಎರಡನ್ನೂ ಜೋಡಿಯಾಗಿಯೇ ಪರೀಕ್ಷಿಸಿ, ಒಣಗಿದಾಗ ಎಷ್ಟು ಬಲಕ್ಕೆ ಜಾರಿತು, ನೆನೆದಾಗ ಎಷ್ಟಕ್ಕೆ, ಹೆಪ್ಪುಗಟ್ಟಿದಾಗ ಎಷ್ಟಕ್ಕೆ ಎಂಬ ಮೂರು ಸಂಖ್ಯೆಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲಿ. ಬಿಡಿ ಗ್ರ್ಯಾಬ್ ಮಾರುವವರು ಶ್ರೇಣಿಯನ್ನು ಲೋಹದ ಮೇಲೆಯೇ ಕೊರೆಯಲಿ. ಕಾಗದದ ಕೈಪಿಡಿ ಮೊದಲ ವಾರದಲ್ಲೇ ಕಳೆದುಹೋಗುತ್ತದೆ.

ಕೊಳ್ಳುವವನ ಪಾಲಿನ ಕೆಲಸವೂ ಇದೆ. ನೆಲದಿಂದ ಒಂದಡಿ ಎತ್ತರದಲ್ಲಿ ಟೆದರ್ ಬಿಗಿದು, ಇಡೀ ಭಾರ ಹಾಕಿ, ಜೋಲಿ ಹೊಡೆದು ನೋಡುವುದು. ಹಗ್ಗವನ್ನು ನೆನೆಸಿ ಮತ್ತೆ ನೋಡುವುದು. ಗ್ರ್ಯಾಬ್‌ನ ಕೆಳಗೆ ಹಗ್ಗದಲ್ಲಿ ಒಂದು ತಡೆಗಂಟು ಹಾಕಿಯೇ ಇರುವುದು. ಹಿಡಿತ ತಪ್ಪಿ ಜಾರಿದರೂ ಗ್ರ್ಯಾಬ್ ಆ ಗಂಟಿಗೆ ಬಡಿದು ನಿಲ್ಲುತ್ತದೆ. ಈ ಕೊನೆಯದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ಆದರೂ ಬಿಡುವವರೇ ಹೆಚ್ಚು.

ಕರ್ನಾಟಕದ ಓದುಗರಿಗೆ ಇದು ದೂರದ ಕಾಡಿನ ಸುದ್ದಿ ಅನಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಲ್ಲಿ ಜಿಂಕೆ ಬೇಟೆ ಅಪರಾಧ. ಸ್ಯಾಡಲ್ ಆ ಕಾರಣಕ್ಕೆ ಇಲ್ಲಿಗೆ ಬರಬೇಕಾಗಿಲ್ಲ, ಬರಲೂಬಾರದು. ಆದರೆ ಮರ ಹತ್ತುವವರು ಇಲ್ಲಿ ಅಲ್ಲಿಗಿಂತ ಕಡಿಮೆಯೇನಿಲ್ಲ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಮಳೆಗಾಲದ ನಡುವೆಯೇ, ಪಾಚಿಗಟ್ಟಿ ಜಾರುವ ಮರ ಏರಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕು. ಅದೂ ಕಾಲಿಗೆ ತಳೆ, ಕೈಗೆ ಮರ ಎಂಬ ಸ್ಥಿತಿಯಲ್ಲಿ. ಏರುವವರ ಸಂಖ್ಯೆ ಕುಗ್ಗುತ್ತಿದ್ದಂತೆ ಉದ್ದನೆಯ ಫೈಬರ್ ದೋಟಿಗಳು ಬಂದವು, ಏರುವ ಯಂತ್ರಗಳು ಬಂದವು, ಕ್ಯಾಂಪ್ಕೊದಂತಹ ಸಂಸ್ಥೆಗಳು ಯುವಕರಿಗೆ ತರಬೇತಿ ಶಿಬಿರಗಳನ್ನು ನಡೆಸಿದವು. ಬೆಂಗಳೂರಿನಲ್ಲಿ ಗಾಜಿನ ಗೋಪುರಗಳ ಹೊರಮೈ ಒರೆಸುವವರು ಹಗ್ಗದಲ್ಲೇ ಇಳಿಯುತ್ತಾರೆ. ಇವರೆಲ್ಲರ ಸೊಂಟಕ್ಕೆ ಸುರಕ್ಷತೆಯ ಪಟ್ಟಿ ಬರುತ್ತಿರುವುದು ಒಳ್ಳೆಯ ಬೆಳವಣಿಗೆ. ಪಟ್ಟಿಯ ಹಿಂದೆಯೇ ಹಗ್ಗದ ಹಿಡಿಯೂ ಬರುತ್ತದೆ, ಹಿಡಿಯ ಹಿಂದೆಯೇ ಅದೇ ಪ್ರಶ್ನೆ.

ಇಲ್ಲಿ ಆ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಕಷ್ಟದ್ದು. ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹಗ್ಗವನ್ನು ಕಿಲೊ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅದು ಬಹುತೇಕ ಮೂರು ಎಳೆ ಹುರಿಗೊಳಿಸಿದ ಪ್ಲಾಸ್ಟಿಕ್ ಅಥವಾ ನೈಲಾನ್ ಹಗ್ಗ. ಅದಕ್ಕೆ ಸಿಪ್ಪೆ ತಿರುಳು ಎಂಬ ಭೇದವಿಲ್ಲ, ಮೈ ಉರುಟಾಗಿರುವುದಿಲ್ಲ, ಎಳೆಗಳ ಉಬ್ಬು ತಗ್ಗಿನಿಂದಾಗಿ ಅದರ ದಪ್ಪ ಸುತ್ತಲೂ ಒಂದೇ ಸಮನಾಗಿರುವುದೂ ಇಲ್ಲ. ಪರ್ವತಾರೋಹಿಗಳ ಹೆಣಿಗೆ ಹಗ್ಗಕ್ಕಾಗಿ ಮಾಡಿದ, 11 ಮಿ.ಮೀ.ಗೆ ಹೊಂದುವ ಗ್ರ್ಯಾಬ್ ಅನ್ನು ಆನ್‌ಲೈನ್‌ನಲ್ಲಿ ತರಿಸಿ ಇದರ ಮೇಲೆ ಹಾಕಿದರೆ ಸಂಖ್ಯೆ ಹೊಂದಿದರೂ ಹಿಡಿತ ಹೊಂದದೇ ಇರಬಹುದು. ಹಾಗಾಗಿ ಇಲ್ಲಿ ದಪ್ಪದ ಜೊತೆಗೆ ಹಗ್ಗದ ಬಗೆಯನ್ನೂ ಕೇಳಬೇಕು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಹತ್ತುವುದನ್ನು ಕಲಿಸುವವರಿಗೆ ಈ ಭೇದ ನೀರು ಕುಡಿದಷ್ಟು ಸಲೀಸು. ಅಡಿಕೆ, ತೆಂಗು ಏರುವ ತರಬೇತಿಯ ಪಠ್ಯಕ್ಕೆ ಅವರ ಈ ತಿಳಿವಳಿಕೆಯನ್ನು ತರಲು ಒಂದು ಮಧ್ಯಾಹ್ನದ ಪಾಠ ಸಾಕು. ಸುರಕ್ಷತಾ ಪಟ್ಟಿಗಳಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 3521 ಎಂಬ ಮಾನದಂಡವಿದೆ. ಸಹಕಾರಿ ಸಂಘಗಳು ಸದಸ್ಯರಿಗೆ ಸಾಮಗ್ರಿ ಕೊಡಿಸುವಾಗ ಆ ಸಂಖ್ಯೆಯನ್ನು ಪಟ್ಟಿಯ ಮೇಲೆ ನೋಡಿ ಕೊಳ್ಳಲಿ. ಹಗ್ಗ ಮತ್ತು ಹಿಡಿಯನ್ನು ಬಿಡಿಬಿಡಿಯಾಗಿ ಟೆಂಡರ್ ಕರೆಯದೆ ಒಂದೇ ಪೊಟ್ಟಣವಾಗಿ ತರಿಸಲಿ. ಹಗ್ಗ ಸವೆದು ಬದಲಿಸುವ ದಿನ ಬಂದಾಗ ಅದೇ ಬಗೆಯ, ಅದೇ ದಪ್ಪದ ಹಗ್ಗ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಪೂರೈಕೆದಾರನಿಂದ ಬರೆಸಿಕೊಳ್ಳಲಿ.